ಬಹುಮಾನ ತಂಡಕ್ಕೇ ಸಲ್ಲಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮ್ಮ ಸದಸ್ಯರ ಮಕ್ಕಳು ಕೆಲವರು ದೂರದ ಸೈಕಲ್ ಸವಾರಿಯ ಹವ್ಯಾಸ ಹಿಡಿದಿದ್ದಾರೆ. ಈ ಮೂರೂ ಊರುಗಳನ್ನು ಸುತ್ತಿ ಬರುವ ಒಂದು ಪಂದ್ಯ ಮಾಡುತ್ತೇವೆ, ಸಂಘದಿಂದ ಬಹುಮಾನ ಕೊಡಿಸಿ ಎಂದು ನನ್ನಲ್ಲಿ ಕೇಳಿದರು. ಕೊಡಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಎಲ್ಲರಿಗಿಂತ ಮೊದಲು ಬಂದ ಒಬ್ಬನ ಕೊರಳಿಗೆ ಹಾರ ಹಾಕಲು ಸಂಘದ ಹಣ ಹೋಗಬಾರದು. ತಂಡವಾಗಿ ಹೊರಟು ತಂಡವಾಗಿಯೇ ಮುಟ್ಟಿದವರಿಗೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣ ನನ್ನದೇ ಒಂದು ಹಳೆಯ ನಾಚಿಕೆ. ಕಾಲೇಜು ಮುಗಿಸಿದ ವರ್ಷ ನಾವು ಐದು ಮಂದಿ ಗೆಳೆಯರು ಇದೇ ಸುತ್ತಿಗೆ ಹೊರಟಿದ್ದೆವು. ಬಂಟ್ವಾಳದಿಂದ ಪುಂಜಾಲಕಟ್ಟೆ, ಮಡಂತ್ಯಾರು ಹಾದು ಬೆಳ್ತಂಗಡಿ. ಗುರುವಾಯನಕೆರೆಗೆ ಹಿಂದೆ ಬಂದು ವೇಣೂರಿನ ಮೂಲಕ ಮೂಡುಬಿದಿರೆ. ಅಲ್ಲಿಂದ ಸಿದ್ದಕಟ್ಟೆಯಾಗಿ ಮರಳಿ ಬಂಟ್ವಾಳ. ಗೇರಿಲ್ಲದ ಸೈಕಲ್‌ಗಳು, ಅದರಲ್ಲಿ ಎರಡು ಬಾಡಿಗೆಯವು. ಐವರಿಗೆ ಒಂದೇ ಪಂಪು. ಅದನ್ನೂ ಪಂಕ್ಚರ್ ಡಬ್ಬಿಯನ್ನೂ ಅವಲಕ್ಕಿ, ಬಾಳೆಹಣ್ಣಿನ ಚೀಲವನ್ನೂ ನಮ್ಮಲ್ಲಿ ಎಲ್ಲರಿಗಿಂತ ನಿಧಾನದವನ ಕ್ಯಾರಿಯರಿಗೆ ಕಟ್ಟಿದ್ದೆವು. ಗಟ್ಟಿಗರಾದ ನಮಗೆ ಭಾರ ಬೇಡವಾಗಿತ್ತು ನೋಡಿ!

ವೇಣೂರು ದಾಟಿದ ಮೇಲಿನ ಚಡವಿನಲ್ಲಿ ಅವನು ಹಿಂದೆ ಬಿದ್ದ. ಬರುತ್ತಾನೆ ಬಿಡು ಎಂದು ನಾವು ಮುಂದೆ ಹೋದೆವು. ಎರಡು ಮೈಲು ಹೋಗುವಷ್ಟರಲ್ಲಿ ನನ್ನ ಹಿಂದಿನ ಚಕ್ರದ ಗಾಳಿ ಹೋಯಿತು. ಪಂಪು ಹಿಂದೆ, ಊಟವೂ ಹಿಂದೆ. ಉರಿಬಿಸಿಲಿನಲ್ಲಿ ಮುರಕಲ್ಲಿನ ಮೇಲೆ ಮುಕ್ಕಾಲು ಗಂಟೆ ಕುಳಿತೆವು. ಅವನು ಸೈಕಲ್ ತಳ್ಳಿಕೊಂಡು ಬಂದ, ಒಂದು ಮಾತೂ ಆಡದೆ ಪಂಪು ಬಿಚ್ಚಿದ, ತಾನೇ ಟ್ಯೂಬಿಗೆ ತೇಪೆ ಹಾಕಿದ. ಆ ಮೌನಕ್ಕಿಂತ ಎರಡು ಬೈಗುಳವೇ ವಾಸಿಯಿತ್ತು. ಬಂಟ್ವಾಳ ಸೇರುವಾಗ ಕತ್ತಲಾಗಿತ್ತು.

ಜೊತೆಗೂಡಿ ತುಳಿಯುವುದರ ಮರ್ಮ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಸಮತಟ್ಟಿನ ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರನ ಶಕ್ತಿಯ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಮುಂದಿನವನ ಬೆನ್ನಿಗೆ ಹತ್ತಿರವಾಗಿ ಹೋಗುವವನಿಗೆ ಸುಮಾರು ಕಾಲು ಭಾಗ ಶ್ರಮ ಉಳಿಯುತ್ತದೆ. ಆದ್ದರಿಂದ ಬಲ್ಲ ತಂಡದವರು ಸರದಿಯಂತೆ ಮುಂದೆ ನಿಂತು, ಸ್ವಲ್ಪ ಹೊತ್ತು ಗಾಳಿಗೆ ಎದೆಯೊಡ್ಡಿ, ಪಕ್ಕಕ್ಕೆ ಸರಿದು ಹಿಂದಕ್ಕೆ ಸೇರಿಕೊಳ್ಳುತ್ತಾರೆ. ಗಟ್ಟಿಗನ ಸರದಿ ಉದ್ದ, ಸೋತವನದು ಗಿಡ್ಡ. ಚಡವಿನಲ್ಲಿ ವೇಗವೇ ಇಲ್ಲವಾದ್ದರಿಂದ ಈ ಉಪಾಯ ನಡೆಯದು, ಅಲ್ಲಿ ಪ್ರತಿಯೊಬ್ಬನೂ ತನ್ನ ಭಾರ ತಾನೇ ಎಳೆಯಬೇಕು. ನಮ್ಮ ಊರುಗಳಲ್ಲಿ ಚಡವಿಗೇನು ಬರವೇ? ಸಮತಟ್ಟಿನಲ್ಲಿ ಯಾರ ಕಾಲನ್ನು ಉಳಿಸಿಕೊಟ್ಟೆವು ಎಂಬುದು ಚಡವಿನಲ್ಲಿ ಗೊತ್ತಾಗುತ್ತದೆ.

ಫ್ರಾನ್ಸ್ ದೇಶದಲ್ಲಿ 1947ರಿಂದ ಈಸ್ಟರ್ ಹಬ್ಬದ ಸಮಯ ನಡೆದುಬಂದ ‘ಫ್ಲೆಶ್’ ಎಂಬ ಸವಾರಿಯ ನಿಯಮ ನಮ್ಮ ಹುಡುಗರಿಗೆ ಮಾದರಿಯಾಗಬಹುದು. 3ರಿಂದ 5 ಸೈಕಲ್‌ಗಳ ತಂಡ, 24 ಗಂಟೆ, ಕನಿಷ್ಠ 360 ಕಿ.ಮೀ. ಎಲ್ಲಿಯೂ 2 ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ. ಕೊನೆಗೆ ಕನಿಷ್ಠ ಮೂವರಾದರೂ ಒಟ್ಟಿಗೆ ಮುಟ್ಟದಿದ್ದರೆ ಇಡೀ ತಂಡದ ಶ್ರಮ ಲೆಕ್ಕಕ್ಕಿಲ್ಲ. ಒಬ್ಬನೇ ಹಾರಿಹೋಗಿ ಮೊದಲು ಮುಟ್ಟಿ ಪ್ರಯೋಜನವೇನು?

ಕುಂಟುವವನಿಗಾಗಿ ಎಲ್ಲರೂ ಕುಂಟಬೇಕೆ ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ. ನ್ಯಾಯವಾದ ಪ್ರಶ್ನೆ. 1923ರ ಅಕ್ಟೋಬರಿನಲ್ಲಿ ಮುಂಬಯಿಯ ಆರು ಮಂದಿ ಪಾರ್ಸಿ ತರುಣರು ಸೈಕಲಿನಲ್ಲಿ ಜಗತ್ತು ಸುತ್ತಲು ಹೊರಟರು. ಒಬ್ಬರು ಟೆಹರಾನಿನಿಂದ ಹಿಂದಿರುಗಿದರು, ಮುಂದೆ ಇನ್ನಿಬ್ಬರು ತಂಡದಿಂದ ಬೇರೆಯಾದರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಂಗಾರಾ ಎಂಬ ಮೂವರು ಮರುಭೂಮಿಗಳನ್ನೂ ದಾಟಿ ಸುಮಾರು 71,000 ಕಿ.ಮೀ. ಪೂರೈಸಿ 1928ರ ಮಾರ್ಚಿನಲ್ಲಿ ಊರು ಸೇರಿದರು. ಬಿಟ್ಟುಹೋದವರನ್ನು ಯಾರೂ ಹೀಗಳೆಯಬೇಕಾಗಿಲ್ಲ. ಆಗದು ಎಂದು ಹೇಳಿ ನಿಲ್ಲುವುದು ಬೇರೆ, ಆಗದವನನ್ನು ಹೇಳದೆ ಬಿಟ್ಟುಹೋಗುವುದು ಬೇರೆ. ನಾವು ವೇಣೂರಿನ ಚಡವಿನಲ್ಲಿ ಮಾಡಿದ್ದು ಎರಡನೆಯದು.

ಅಡಿಕೆ ಧಾರಣೆ ಕುಸಿದ ಕಾಲದಲ್ಲಿ ಅಟ್ಟದಲ್ಲಿ ಚಾಲಿ ಇಟ್ಟು ಕಾಯಬಲ್ಲವರು ಕಾದರು, ನಾಲ್ಕು ಮೂಟೆಯವನು ಸಿಕ್ಕಿದ ಬೆಲೆಗೆ ಕೊಟ್ಟ. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಏಕೆಂಬುದು ಹಿರಿಯ ಸದಸ್ಯರಿಗೆ ಗೊತ್ತು. ಅಂಥ ಊರಿನ ಸಹಕಾರ ಸಂಘವೊಂದು ಒಂಟಿ ಓಟಕ್ಕೆ ಹಣ ಕೊಟ್ಟರೆ ಚೆನ್ನಾಗಿ ಕಾಣುವುದಿಲ್ಲ.

ನನ್ನ ಸೂಚನೆ ಇಷ್ಟು: ಐದೈದು ಜನರ ತಂಡಗಳಿರಲಿ. ಪ್ರತಿ ತಂಡದಲ್ಲೂ ಮೂರೂ ಊರಿನವರು ಇರಲಿ. ಮೂರನೆಯವನು ಮುಟ್ಟಿದ ಹೊತ್ತೇ ತಂಡದ ಹೊತ್ತಾಗಲಿ, ಐವರೂ ಒಟ್ಟಿಗೆ ಬಂದರೆ ಬೇರೆ ಬಹುಮಾನವಿರಲಿ. ನಿಲ್ಲುವವನು ತಂಡಕ್ಕೆ ತಿಳಿಸಿಯೇ ನಿಲ್ಲಲಿ. ಅಡಿಕೆ, ಕಾಫಿ ಕೊಯ್ಲು ಜೋರಾಗುವ ಮೊದಲೇ ಒಂದು ಭಾನುವಾರ ಇಟ್ಟುಕೊಂಡರೆ ಮನೆಯವರ ಆಕ್ಷೇಪವೂ ಕಡಿಮೆ. ಆಡಳಿತ ಮಂಡಳಿಯ ಮುಂದಿನ ಸಭೆಗೆ ಇದನ್ನು ಬರೆದು ಕೊಡುತ್ತಿದ್ದೇನೆ. ಬೇರೆ ಅಭಿಪ್ರಾಯವುಳ್ಳ ಸದಸ್ಯರು ಅದಕ್ಕೆ ಮೊದಲೇ ಕಚೇರಿಗೆ ತಿಳಿಸಬೇಕಾಗಿ ವಿನಂತಿ.