ಕಾನೂನು ವಿದ್ಯಾರ್ಥಿಗಳ ಪತ್ರಿಕೆ ಮತ್ತು ನಮ್ಮ ನಡವಳಿ ಪುಸ್ತಕ



"ಮನೆ ಮಾವನ ಹೆಸರಿನಲ್ಲಿದೆ. ನಿನ್ನ ಗಂಡನಿಗೇ ಇಲ್ಲದ ಹಕ್ಕು ನಿನಗೆಲ್ಲಿಂದ ಬಂತು?" ಹೊಡೆತ ತಿಂದು ಬಾಗಿಲ ಹೊರಗೆ ನಿಂತ ಸೊಸೆಗೆ ನಮ್ಮ ಹೊಸ ಅಗ್ರಹಾರದ ಕಡೆ ಇಂದಿಗೂ ಈ ಮಾತು ಹೇಳುತ್ತಾರೆ. ಮನೆ, ಜಮೀನು, ಖಾತೆ ಎಲ್ಲವೂ ಹಿರಿಯರ ಹೆಸರಿನಲ್ಲಿರುವುದೇ ನಮ್ಮಲ್ಲಿ ಹೆಚ್ಚು. ಹಾಗಾಗಿ ಈ ಒಂದು ಮಾತು ಎಷ್ಟೋ ಹೆಣ್ಣುಮಕ್ಕಳನ್ನು ತವರಿನ ಬಸ್ಸು ಹತ್ತಿಸಿದೆ. ಈ ಮಾತಿಗೆ ಹದಿನಾಲ್ಕು ವರ್ಷಗಳ ಕಾಲ ಸುಪ್ರೀಂ ಕೋರ್ಟಿನ ತೀರ್ಪೊಂದರ ಬೆಂಬಲವೂ ಇತ್ತು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಆ ತೀರ್ಪು ಬದಲಾಯಿತು. ತೀರ್ಪುಗಳು ಹೇಗೆ ಬದಲಾಗುತ್ತವೆ, ಅದಕ್ಕೂ ಓದುವ ಬರೆಯುವ ಕೆಲಸಕ್ಕೂ ಏನು ಸಂಬಂಧ ಎಂಬುದನ್ನು ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡಬೇಕೆನಿಸಿದೆ.

ಬೆಂಗಳೂರಿನ ನಾಗರಭಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ. ಪಿ.ಯು.ಸಿ. ಮುಗಿಸಿದ ಮಕ್ಕಳು ಅಲ್ಲಿ ಐದು ವರ್ಷ ಕಾನೂನು ಓದುತ್ತಾರೆ. ಪ್ರೊ. ಎನ್.ಆರ್. ಮಾಧವ ಮೆನನ್ ಅದರ ಮೊದಲ ನಿರ್ದೇಶಕರು. ಮೊದಲ ತಂಡ 1988ರಲ್ಲಿ ಸೇರಿತು. ಅಲ್ಲಿನ ವಿದ್ಯಾರ್ಥಿಗಳು ತಾವೇ ಸಂಪಾದಕರಾಗಿ ಒಂದು ಕಾನೂನು ಪತ್ರಿಕೆ ಹೊರಡಿಸುತ್ತಾರೆ. ಮೊದಲು 'ಸ್ಟೂಡೆಂಟ್ ಅಡ್ವೊಕೇಟ್', ಆಮೇಲೆ 'ಸ್ಟೂಡೆಂಟ್ ಬಾರ್ ರಿವ್ಯೂ' ಎಂದಿದ್ದದ್ದು ಈಗ 'ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ' ಎಂಬ ಹೆಸರಿನಲ್ಲಿ ಬರುತ್ತಿದೆ. ಕಾನೂನು ಮತ್ತು ಸಮಾಜದ ಸಂಬಂಧಕ್ಕೆಂದೇ 2005ರಲ್ಲಿ 'ಸೋಷಿಯೋ ಲೀಗಲ್ ರಿವ್ಯೂ' ಎಂಬ ಇನ್ನೊಂದು ಪತ್ರಿಕೆಯನ್ನೂ ವಿದ್ಯಾರ್ಥಿಗಳು ಆರಂಭಿಸಿದರು.

ಈ ಪದ್ಧತಿ ಹೊಸದೇನಲ್ಲ. ಅಮೆರಿಕದ ಹಾರ್ವರ್ಡ್ ಕಾನೂನು ಶಾಲೆಯ ವಿದ್ಯಾರ್ಥಿಗಳು 1887ರಲ್ಲೇ ಇಂಥ ಪತ್ರಿಕೆ ತೆಗೆದರು. ಬೇರೆ ಶಾಸ್ತ್ರಗಳಲ್ಲಿ ಪ್ರೊಫೆಸರರು ವಿದ್ಯಾರ್ಥಿಗಳ ಬರಹ ತಿದ್ದಿದರೆ, ಇಲ್ಲಿ ವಿದ್ಯಾರ್ಥಿಗಳು ಪ್ರೊಫೆಸರರ, ವಕೀಲರ ಬರಹವನ್ನೂ ತಿದ್ದುತ್ತಾರೆ. ಲೇಖನದ ಮೇಲಿನ ಹೆಸರನ್ನು ತೆಗೆದು, ಬರೆದವರು ಯಾರೆಂದು ತಿಳಿಯದಂತೆ ಓದುತ್ತಾರೆ. "ಕೋರ್ಟು ಹೀಗೆ ಹೇಳಿದೆ" ಎಂದು ಬರೆದಿದ್ದರೆ ಆ ತೀರ್ಪನ್ನೇ ತೆರೆದು, ನಿಜವಾಗಿ ಹಾಗೆ ಹೇಳಿದೆಯೇ ಎಂದು ಒಂದೊಂದು ಸಾಲನ್ನೂ ತಾಳೆ ನೋಡುತ್ತಾರೆ. ಹೊಸ ಕಾಯ್ದೆ ಬಂದರೆ ಅದರ ಕೊರತೆಗಳನ್ನು, ಹೊಸ ತೀರ್ಪು ಬಂದರೆ ಅದರ ಸರಿ ತಪ್ಪುಗಳನ್ನು ಕುರಿತು ಬರೆಯುತ್ತಾರೆ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ಪರೀಕ್ಷೆಗೆ ಗೈಡು ನೋಡಿ ಬರೆಯುವ ಮಕ್ಕಳೂ, ನಂಬಿ ಕೆಲಸ ಒಪ್ಪಿಸಿದರೆ ಹೇಗೆ ದುಡಿಯುತ್ತಾರೆ ಎಂಬುದನ್ನು ಕಂಡಿದ್ದೇನೆ. ಆದ್ದರಿಂದ ಇಪ್ಪತ್ತರ ಹುಡುಗಿಯೊಬ್ಬಳು ಸುಪ್ರೀಂ ಕೋರ್ಟಿನ ತೀರ್ಪನ್ನು ಮುಂದಿಟ್ಟುಕೊಂಡು "ಇಲ್ಲಿ ನ್ಯಾಯ ತಪ್ಪಿದೆ" ಎಂದು ಕಾರಣ ಸಮೇತ ಬರೆಯುವುದನ್ನು ನಾನು ಸಣ್ಣ ಸಂಗತಿ ಎಂದು ಎಣಿಸುವುದಿಲ್ಲ.

ಬರೆದರೆ ಏನಾಗುತ್ತದೆ ಎಂದು ನೀವು ಕೇಳಬಹುದು. ಮಹಾರಾಷ್ಟ್ರದ ಆದಿವಾಸಿ ಹುಡುಗಿ ಮಥುರಾಳ ಮೇಲೆ 1972ರಲ್ಲಿ ಪೊಲೀಸ್ ಠಾಣೆಯಲ್ಲೇ ಅತ್ಯಾಚಾರ ನಡೆಯಿತೆಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ಪೊಲೀಸರನ್ನು ಬಿಡುಗಡೆ ಮಾಡಿತು. ಮರುವರ್ಷ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಗಂವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಆ ಪತ್ರವನ್ನು ಹಿಡಿದು ದೇಶದ ತುಂಬ ಹೆಂಗಸರು ಬೀದಿಗಿಳಿದರು. 1983ರಲ್ಲಿ ಅತ್ಯಾಚಾರದ ಕಾನೂನೇ ತಿದ್ದುಪಡಿಯಾಯಿತು. ಕಾಗದ ಒಂದೇ ಆಗಿದ್ದರೆ ಕಪಾಟು ಸೇರುತ್ತಿತ್ತು. ಕೂಗು ಒಂದೇ ಆಗಿದ್ದರೆ ಗಾಳಿಗೆ ಹೋಗುತ್ತಿತ್ತು. ಎರಡೂ ಕೂಡಿದ್ದರಿಂದ ಕೆಲಸವಾಯಿತು.

ಈಗ ಸೊಸೆಯ ಮನೆಯ ವಿಷಯಕ್ಕೆ ಬರೋಣ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಹೆಣ್ಣು ತಾನು ಸಂಸಾರ ಮಾಡಿದ ಮನೆಯಲ್ಲಿ, ಒಡೆತನ ಇರಲಿ ಇಲ್ಲದಿರಲಿ, ವಾಸಿಸುವ ಹಕ್ಕು ಪಡೆಯುತ್ತಾಳೆ ಎಂದು ಅದರ 17ನೇ ಕಲಂ ಹೇಳುತ್ತದೆ. ಎರಡು ತಿಂಗಳು ತುಂಬುವ ಮೊದಲೇ, ದೆಹಲಿಯ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಹಕ್ಕನ್ನು ಕುಗ್ಗಿಸಿತು. ಗಂಡನ ಸ್ವಂತ ಮನೆ, ಅವನು ಬಾಡಿಗೆಗೆ ಹಿಡಿದ ಮನೆ, ಇಲ್ಲವೇ ಅವನೂ ಸೇರಿದ ಅವಿಭಕ್ತ ಕುಟುಂಬದ ಮನೆ, ಇಷ್ಟಕ್ಕೆ ಮಾತ್ರ ಹಕ್ಕು. ಅತ್ತೆಯ ಸ್ವಂತ ಮನೆಯಲ್ಲಿ ಇಲ್ಲ ಎಂದಿತು. ಮಹಿಳಾ ವಕೀಲರೂ ಕಾನೂನು ಬರಹಗಾರರೂ ಈ ತೀರ್ಪನ್ನು ವರ್ಷಗಟ್ಟಲೆ ವಿಮರ್ಶಿಸಿದರು. ಕೊನೆಗೆ 2020ರ ಅಕ್ಟೋಬರ್ 15ರಂದು ಅಹುಜಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹಳೆಯದು ಸರಿಯಲ್ಲವೆಂದು ಹೇಳಿತು. ಮನೆ ಅತ್ತೆ ಮಾವಂದಿರ ಹೆಸರಿನಲ್ಲಿದ್ದರೂ, ಸೊಸೆ ಅಲ್ಲಿ ನೆಲೆನಿಂತು ಬಾಳಿದ್ದರೆ, ವಾಸದ ಹಕ್ಕನ್ನು ಕೇಳಬಹುದು. ಈ ಹಕ್ಕು ಎಂದೆಂದಿಗೂ ಅಲುಗದ್ದಲ್ಲ, ವಯಸ್ಸಾದ ಹಿರಿಯರ ನೆಮ್ಮದಿಯನ್ನೂ ಕೋರ್ಟು ತೂಗಿ ನೋಡಬೇಕು ಎಂದೂ ಅದು ಹೇಳಿದೆ.

ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನ ಸೊಸೆಯೊಬ್ಬಳ ಪ್ರಕರಣ ತೀರ್ಮಾನವಾಯಿತು. ಗಂಡ ತಾನು ಕೊಂಡ ಜಾಗವನ್ನು ಅಪ್ಪನಿಗೆ ಮಾರಿದ್ದ. ಅಪ್ಪ ಅದನ್ನು ತನ್ನ ಹೆಂಡತಿಗೆ ದಾನಪತ್ರ ಮಾಡಿದ್ದ. ಆಮೇಲೆ ಅತ್ತೆ ಮಾವ ಹಿರಿಯ ನಾಗರಿಕರ ಕಾಯ್ದೆಯಡಿ ಸೊಸೆಯನ್ನು ತೆರವು ಮಾಡಿಸಲು ಹೊರಟರು. ಆ ಕಾಯ್ದೆಯನ್ನು ಮುಂದಿಟ್ಟು ಸೊಸೆಯ ವಾಸದ ಹಕ್ಕನ್ನು ಅಳಿಸಿಹಾಕಲಾಗದು ಎಂದು ಸುಪ್ರೀಂ ಕೋರ್ಟು ಹೇಳಿತು. ಖಾತೆ ಬದಲಾಯಿಸುವ ಈ ಉಪಾಯ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೂ ಹೊಸದಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ದೂರೂ ಇದೆ. ಈ ವಿದ್ಯಾರ್ಥಿಗಳ ಪತ್ರಿಕೆಗಳೆಲ್ಲ ಇಂಗ್ಲಿಷಿನಲ್ಲಿವೆ. ಅವು ಓದುವುದು ಹೆಚ್ಚಾಗಿ ಹೈಕೋರ್ಟು, ಸುಪ್ರೀಂ ಕೋರ್ಟಿನ ತೀರ್ಪುಗಳನ್ನು. ಕೆ.ಆರ್. ನಗರದ ಅಥವಾ ಎಚ್.ಡಿ. ಕೋಟೆಯ ನ್ಯಾಯಾಲಯದ ಮೆಟ್ಟಿಲಲ್ಲಿ ಕುಳಿತು ವಾಯಿದೆ ಪಡೆದು ಹಿಂದಿರುಗುವ ಹೆಂಗಸು ಆ ಪುಟಗಳಲ್ಲಿ ಕಾಣುವುದು ಅಪರೂಪ. ಇದರ ಪರಿಣಾಮ ಸಣ್ಣದಲ್ಲ. 498ಎ ಕಲಂ, ಅಂದರೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ, ದುರುಪಯೋಗವಾಗುತ್ತಿದೆ ಎಂದು ಗಟ್ಟಿಯಾಗಿ ಹೇಳುವವರು ಖುಲಾಸೆಯಾದ ಪ್ರಕರಣಗಳ ಲೆಕ್ಕ ತೋರಿಸುತ್ತಾರೆ. ಖುಲಾಸೆ ಯಾಕಾಯಿತು? ಊರಿನವರು ರಾಜಿ ಮಾಡಿಸಿದರು. ಒಡವೆ ವಾಪಸ್ಸು ಕೊಡುತ್ತೇವೆ, ಸಾಕ್ಷಿ ಬದಲಾಯಿಸು ಎಂದರು. ತಂಗಿಯ ಮದುವೆ ನಿಲ್ಲುತ್ತದೆಂದು ತವರಿನವರೇ ಸುಮ್ಮನಾಗಿಸಿದರು. ಇದೆಲ್ಲ ನಮಗೆ ಗೊತ್ತು. ಆದರೆ ಕಡತದಲ್ಲಿ ಉಳಿಯುವುದು 'ಖುಲಾಸೆ' ಎಂಬ ಒಂದು ಪದ. ಅದನ್ನು ದೂರದಲ್ಲಿ ಕುಳಿತು ಓದಿದವರಿಗೆ 'ಸುಳ್ಳು ಕೇಸು' ಎಂದು ಕಂಡರೆ ಆಶ್ಚರ್ಯವೇನು?

ಆದ್ದರಿಂದ ಬರೆಯುವ ಕೆಲಸ ನಮ್ಮಿಂದಲೂ ಆಗಬೇಕು. ಸ್ವಸಹಾಯ ಸಂಘದ ಸೋದರಿಯರಿಗೆ ಬರಹ ಹೊಸತಲ್ಲ. ಪ್ರತಿ ವಾರ ಉಳಿತಾಯ, ಸಾಲ, ಬಡ್ಡಿಯನ್ನು ಪೈಸೆ ತಪ್ಪದಂತೆ ನಡವಳಿ ಪುಸ್ತಕದಲ್ಲಿ ಬರೆಯುತ್ತೀರಿ. ಅಷ್ಟೇ ಶ್ರದ್ಧೆಯಿಂದ ಇನ್ನೊಂದು ಪುಸ್ತಕ ಇಡಿ. ಮದುವೆಗೆ ಕೊಟ್ಟದ್ದೇನು, ಯಾರ ಎದುರಿಗೆ, ರಸೀದಿ ಎಲ್ಲಿದೆ. ಯಾವ ದಿನ ಹೊಡೆದರು, ಯಾರು ಕಂಡರು, ಯಾವ ಆಸ್ಪತ್ರೆಗೆ ಹೋದದ್ದು. ಠಾಣೆಯಲ್ಲಿ ದೂರು ಪಡೆದರೇ, ರಾಜಿಯಲ್ಲಿ ಏನು ಮಾತಾಯಿತು, ಅದು ನಡೆಯಿತೇ. ಆ ಹೆಣ್ಣುಮಗಳ ಒಪ್ಪಿಗೆ ಪಡೆದೇ ಬರೆಯಬೇಕು. ಪುಸ್ತಕ ಅವಳ ಗಂಡನ ಮನೆಯವರ ಕೈಗೆ ಸಿಗದಂತೆ ಜೋಪಾನ ಮಾಡಬೇಕು. ಕೋರ್ಟಿನಲ್ಲಿ ನೆನಪು ತಡವರಿಸಿದಾಗ ಕೈ ಹಿಡಿಯುವುದು ಇಂಥ ತಾರೀಖುಗಳೇ.

ಇದನ್ನು ಹಿಡಿದು ಎಲ್ಲಿಗೆ ಹೋಗಬೇಕು? ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಹಿಂಸೆಯ ವರದಿಯನ್ನು ಅವರು ಬರೆದುಕೊಳ್ಳಬೇಕು. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ, ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಿ.

ಕಾನೂನು ಓದುತ್ತಿರುವ ಮಕ್ಕಳಿಗೂ ಒಂದು ಮಾತು. ಮೈಸೂರಿನ ಕಾಲೇಜುಗಳಿಂದ ನಮ್ಮ ಊರುಗಳು ದೂರವಿಲ್ಲ. ಕಾನೂನು ನೆರವಿನ ಶಿಬಿರಕ್ಕೆ ಬಂದು, ಭಾಷಣ ಮಾಡಿ, ಫೋಟೋ ತೆಗೆಸಿಕೊಂಡು ಹೋಗಬೇಡಿ. ಒಂದು ದಿನ ತಾಲ್ಲೂಕು ಕೋರ್ಟಿನಲ್ಲಿ ಕುಳಿತು ನೋಡಿ. ಸಂಘದ ಸಭೆಯಲ್ಲಿ ಕುಳಿತು ಕೇಳಿ. ಕೇಳಿದ್ದನ್ನು ಕನ್ನಡದಲ್ಲಿ ಬರೆಯಿರಿ. ತೀರ್ಪನ್ನು ತಾಳೆ ನೋಡುವ ನಿಮ್ಮ ಅಭ್ಯಾಸ ಮತ್ತು ದಿನ ದಿನವೂ ಹಿಂಸೆಯನ್ನು ಕಂಡಿರುವ ನಮ್ಮ ಅನುಭವ ಒಂದೇ ಪುಟದಲ್ಲಿ ಕೂಡಿದರೆ, ಇನ್ನೊಂದು ತಪ್ಪು ತಿದ್ದಲು ಹದಿನಾಲ್ಕು ವರ್ಷ ಬೇಕಾಗಲಾರದು.

ಸೋದರಿಯರೇ, ಮುಂದಿನ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಈ ಎರಡನೆಯ ಪುಸ್ತಕದ ಮಾತೆತ್ತಿ. ಯಾರು ಬರೆಯುವುದು, ಎಲ್ಲಿ ಇಡುವುದು ಎಂದು ಅಂದೇ ತೀರ್ಮಾನಿಸಿ. ಏನು ತೀರ್ಮಾನಿಸಿದಿರಿ ಎಂದು ನಮಗೂ ಬರೆಯಿರಿ.