ಕಿರುತೆರೆಯ ರಾವಣ, ನಾಗಚಂದ್ರನ ರಾವಣ

ರಮಾನಂದ ಸಾಗರ್ ಅವರ ‘ರಾಮಾಯಣ’ ಧಾರಾವಾಹಿ ದೂರದರ್ಶನದಲ್ಲಿ ಮೊದಲು ಪ್ರಸಾರವಾದದ್ದು 1987-88ರಲ್ಲಿ. 2020ರ ಲಾಕ್‌ಡೌನ್ ದಿನಗಳಲ್ಲಿ ಅದು ಮರುಪ್ರಸಾರವಾದಾಗ ಹೊಸ ತಲೆಮಾರೊಂದು ಅದಕ್ಕೆ ಪ್ರೇಕ್ಷಕವಾಯಿತು. ಸಂಜೆ ಈ ಧಾರಾವಾಹಿಯನ್ನು ನೋಡಿ, ಹಗಲು ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ವನ್ನು ಓದುವ ಅಭ್ಯಾಸವನ್ನು ಒಂದು ವಾರ ಇಟ್ಟುಕೊಂಡರೂ ಸಾಕು, ಒಂದೇ ಕಥೆಯಲ್ಲಿ ಇಬ್ಬರು ರಾವಣರು ಎದುರಾಗುತ್ತಾರೆ.

ಧಾರಾವಾಹಿಯ ರಾವಣ ಸಾಮಾನ್ಯನಲ್ಲ. ಅರವಿಂದ ತ್ರಿವೇದಿಯವರ ಅಭಿನಯದಲ್ಲಿ ಅವನ ಪಾಂಡಿತ್ಯ, ಶಿವಭಕ್ತಿ, ಗರ್ವ ಎಲ್ಲವೂ ತೂಕವಾಗಿ ಬಂದಿವೆ. ಆದರೆ ಅವನು ಕೊನೆಯವರೆಗೂ ಅಹಂಕಾರದ ಪ್ರತಿಮೆ. ನಾಗಚಂದ್ರನ ರಾವಣನೋ ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತ ತೊಟ್ಟವನು. ಸೀತೆ ಮೂರ್ಛೆ ಹೋದುದನ್ನು ಕಂಡು ಅವನ ಮನಸ್ಸು ತಿರುಗುತ್ತದೆ. ಆದರೂ ಅವನು ಅವಳನ್ನು ಒಡನೆಯೇ ಒಪ್ಪಿಸುವುದಿಲ್ಲ; ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದ ಮೇಲೆ ಒಪ್ಪಿಸುವೆನೆಂದುಕೊಳ್ಳುತ್ತಾನೆ. ಪಶ್ಚಾತ್ತಾಪಕ್ಕೂ ಅಭಿಮಾನಕ್ಕೂ ನಡುವಿನ ಆ ಸಣ್ಣ ಅಂತರವೇ ಅವನನ್ನು ದುರಂತನಾಯಕನನ್ನಾಗಿಸುತ್ತದೆ. ಬಿಲ್ಲುಬಾಣಗಳ ಅಬ್ಬರಕ್ಕೆ ಒಗ್ಗಿದ ಕಿರುತೆರೆಗೆ ಇಂತಹ ಒಳಯುದ್ಧವನ್ನು ತೋರಿಸುವುದು ಕಷ್ಟ.

ತರಗತಿಯಲ್ಲಿ ಇದರ ಪರಿಣಾಮ ಗಂಭೀರವಾದುದು. ಧಾರಾವಾಹಿಯನ್ನೇ ಮೂಲವೆಂದು ನಂಬಿ ಬಂದ ವಿದ್ಯಾರ್ಥಿಗೆ, ರಾವಣನನ್ನು ಕೊಲ್ಲುವವನು ಲಕ್ಷ್ಮಣನೆಂಬುದು ಕವಿಯ ತಪ್ಪಿನಂತೆ ತೋರುತ್ತದೆ. ಬಲದೇವ, ವಾಸುದೇವ, ಪ್ರತಿವಾಸುದೇವರೆಂಬ ಜೈನ ಪರಿಕಲ್ಪನೆ ತಿಳಿದರೆ ಮಾತ್ರ ಅದರ ಔಚಿತ್ಯ ಹೊಳೆಯುತ್ತದೆ: ಅಹಿಂಸೆಯ ದಾರಿಯ ರಾಮನಿಗೆ ಮೋಕ್ಷ, ಕೊಂದ ಲಕ್ಷ್ಮಣನಿಗೆ ನರಕ. ಈ ಪರಂಪರೆಯ ಆದಿಯಲ್ಲಿರುವ ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಲ್ಲಿ ಕಥೆ ಆರಂಭವಾಗುವುದೇ ಸಂಶಯದಿಂದ. ಕಪಿಗಳು ಬಲಶಾಲಿ ರಾಕ್ಷಸರನ್ನು ಗೆದ್ದುದು ಹೇಗೆಂದು ಶ್ರೇಣಿಕ ಮಹಾರಾಜ ಕೇಳುತ್ತಾನೆ, ಗೌತಮ ಗಣಧರರು ಉತ್ತರಿಸುತ್ತಾರೆ. ಅಲ್ಲಿ ವಾನರರು ಕಪಿಧ್ವಜದ ವಿದ್ಯಾಧರರು. ಹಾರದ ಮಣಿಗಳಲ್ಲಿ ಮುಖ ಪ್ರತಿಬಿಂಬಿಸಿದ್ದರಿಂದ ರಾವಣ ದಶಮುಖ. ಪ್ರಶ್ನೆ ಕೇಳುವುದನ್ನೇ ಕಥನದ ಬಾಗಿಲಾಗಿಸಿದ ಪರಂಪರೆಯನ್ನು ‘ತಿರುಚಿದ ಕಥೆ’ ಎಂದು ಬದಿಗೆ ಸರಿಸುವುದು ಓದಿನ ಸೋಮಾರಿತನ.

ಹಾಗೆಂದು ಜೈನ ರಾಮಾಯಣವೊಂದೇ ನಿಜವೆಂದು ವಾದಿಸುವುದೂ ಅದೇ ದೋಷದ ಇನ್ನೊಂದು ಮುಖ. ರಾಮಕಥೆಯ ಬಹುರೂಪಗಳನ್ನು ಕುರಿತ ಎ. ಕೆ. ರಾಮಾನುಜನ್ ಅವರ ಪ್ರಬಂಧವನ್ನು ದೆಹಲಿ ವಿಶ್ವವಿದ್ಯಾಲಯ 2011ರಲ್ಲಿ ಪಠ್ಯದಿಂದ ಕೈಬಿಟ್ಟಿತು. ಒಂದೇ ಪಾಠಕ್ಕೆ ಒಗ್ಗಿದ ಸಮಾಜಕ್ಕೆ ಎರಡನೆಯ ಪಾಠ ಅಪಚಾರವಾಗಿ ಕಾಣುತ್ತದೆಂಬುದಕ್ಕೆ ಅದು ಸಾಕ್ಷಿ. ಕನ್ನಡದ ಹಾದಿ ಬೇರೆ. ನಾಗಚಂದ್ರ ಕಂಡ ರಾವಣನ ಮನಃಪರಿವರ್ತನೆ ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ನಲ್ಲಿ ಹೊಸ ದರ್ಶನವಾಗಿ ಅರಳಿತು, ಆ ಕೃತಿಗೆ 1967ರ ಜ್ಞಾನಪೀಠವೂ ಸಂದಿತು.

ಧಾರಾವಾಹಿಯನ್ನು ದೂಷಿಸಿ ಫಲವಿಲ್ಲ. ಕಥೆಯನ್ನು ಮನೆಮನೆಗೆ ತಲುಪಿಸುವ ಕೆಲಸವನ್ನು ಅದು ಮಾಡಿದೆ. ಅದರ ಒಂದು ಸಂಚಿಕೆಯನ್ನೂ ನಾಗಚಂದ್ರನ ಒಂದು ಆಶ್ವಾಸವನ್ನೂ ತರಗತಿಯಲ್ಲಿ ಜೊತೆಗಿಟ್ಟು ಚರ್ಚಿಸುವುದು ಅಧ್ಯಾಪಕರ ಹೊಣೆ. ತೆರೆ ಒಂದು ಮುಖವನ್ನು ತೋರಿಸಿದೆ. ಉಳಿದ ಮುಖಗಳನ್ನು ಕಾಣಬೇಕಾದರೆ ಕಾವ್ಯಕ್ಕೇ ಹೋಗಬೇಕು.