ಗಡಿಯಾರವೂ ನಾಯಿಯ ಹಸಿವೂ

ಬ್ರಿಟನ್ನಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು 1 ಗಂಟೆ ಮುಂದಕ್ಕೂ, ಅಕ್ಟೋಬರಿನ ಕೊನೆಯ ಭಾನುವಾರ ಅಷ್ಟೇ ಹಿಂದಕ್ಕೂ ತಿರುಗಿಸುವರು. 1916ರಲ್ಲಿ ಆರಂಭವಾದ ಪದ್ಧತಿಯಿದು. ಆದರೆ ಮುಳ್ಳನ್ನು ತಿರುಗಿಸಿದ ಮಾತ್ರಕ್ಕೆ ಭೂಮಿಯ ಆವರ್ತನೆ ಬದಲಾದೀತೆ?

ಅಕ್ಟೋಬರಿನ ಆ ಬೆಳಗ್ಗೆ, 7 ಗಂಟೆಯ ಊಟಕ್ಕೆ ರೂಢಿಯಾದ ನಾಯಿ 6 ಗಂಟೆಗೇ ಬಟ್ಟಲಿನ ಮುಂದೆ ನಿಲ್ಲುತ್ತದೆ. ಅದನ್ನು ಗದರಿಸುವುದು ಅನ್ಯಾಯ. ಸಸ್ತನಿಗಳ ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿರುವ ಜೀವಗಡಿಯಾರವನ್ನು ಹೊಂದಿಸುವುದು ಮುಖ್ಯವಾಗಿ ಹಗಲಿನ ಬೆಳಕು, ಶಾಸನವಲ್ಲ. ನಿತ್ಯದ ಊಟದ ವೇಳೆಯನ್ನೂ ದೇಹವು ಮುಂಚಿತವಾಗಿಯೇ ನಿರೀಕ್ಷಿಸುತ್ತದೆ.

ಆದುದರಿಂದ ಮೊದಲು ಹೊಂದಿಕೊಳ್ಳಬೇಕಾದವನು ಸಾಕಿದವನೇ. ಬದಲಾವಣೆಗೆ 6 ದಿನ ಮುಂಚಿನಿಂದ ಊಟವನ್ನು ದಿನಕ್ಕೆ 10 ನಿಮಿಷದಂತೆ ತಡಮಾಡುತ್ತ ಬಂದರೆ ಅಂತರವು ಕ್ರಮವಾಗಿ ತುಂಬುವುದು. ಮಾರ್ಚ್ ತಿಂಗಳಲ್ಲಿ ಅಷ್ಟಷ್ಟೇ ಬೇಗ ಬಡಿಸಬೇಕು. ಗಡಿಯಾರವನ್ನು ತಿದ್ದಿದವರು ನಾವು. ಅದರ ಹೊರೆಯನ್ನು ಮೂಕಪ್ರಾಣಿಯ ಮೇಲೆ ಹೊರಿಸಲಾಗದು.